ಪುಸ್ತಕದಂಗಡಿಯೂ ಬಾರೂ ಒಂದೇ ಸೂರಿನಡಿ: ಕಲಬುರಗಿಯಲ್ಲಿ ನಡೆದೀತೇ?

ಪ್ರಶ್ನೆ ಕೇಳಿದವರು: ಕಾಗಿಣಾ ದಂಡೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ ನಲವತ್ತನಾಲ್ಕು ವರ್ಷ. ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗೂಡಿನಿಂದ ಹೊರಬರುವ ಕ್ಲಿಂಕರಿನ, ಅಂದರೆ ಅರೆದರೆ ಸಿಮೆಂಟಾಗುವ ಸುಟ್ಟ ಗಟ್ಟಿಗಳ, ಮಾದರಿಯನ್ನು ತರಿಸಿ, ಪುಡಿಮಾಡಿ, ಅದರಲ್ಲಿ ಬೇರೆ ವಸ್ತುಗಳೊಂದಿಗೆ ಕೂಡದೆ ಉಳಿದ ಸುಣ್ಣ ಎಷ್ಟಿದೆ ಎಂದು ಪರೀಕ್ಷಿಸಿ ಬರೆದಿಡುವುದು ನನ್ನ ಕೆಲಸ. ಈ ಕೆಲಸದ ಮೇಲೆ ನನಗೆ ಬೇಸರವಿಲ್ಲ. ಆದರೆ ಬರುವ ವರ್ಷ ಇದನ್ನು ಬಿಟ್ಟು ಕಲಬುರಗಿಯಲ್ಲಿ ಒಂದು ಪುಸ್ತಕದಂಗಡಿ ತೆರೆಯಬೇಕು, ಅದರ ಜೊತೆಗೇ ಸಂಜೆ ಕುಳಿತು ಮಾತನಾಡುವಂಥ ಒಂದು ಸಣ್ಣ ಬಾರನ್ನೂ ನಡೆಸಬೇಕು ಎಂದು ಮನಸ್ಸು ಮಾಡಿದ್ದೇನೆ. ಮನೆಯವರು ಮೊದಲನೆಯದಕ್ಕೆ ಒಪ್ಪಿದ್ದಾರೆ, ಎರಡನೆಯದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಈ ಯೋಚನೆ ಹುಟ್ಟಿದ್ದು ಒಂದು ಅಲಮಾರಿಯಿಂದ. ನಾವಿರುವ ಕಾಲೊನಿಯಲ್ಲಿ, ನನ್ನ ಮನೆಯ ಪಡಸಾಲೆಯಲ್ಲಿ, 2016ರಿಂದ 340 ಪುಸ್ತಕಗಳ ಒಂದು ಅಲಮಾರಿ ಇಟ್ಟಿದ್ದೇನೆ. ಬಂದವರು ಒಯ್ಯುತ್ತಾರೆ, ಓದಿ ತಂದಿಡುತ್ತಾರೆ, ನಾನು ಒಂದು ವಹಿಯಲ್ಲಿ ಹೆಸರು ಬರೆದುಕೊಳ್ಳುತ್ತೇನೆ. ನಮ್ಮ ಫಿಟ್ಟರ್ ಒಬ್ಬರು ಮೂರು ವರ್ಷಗಳಲ್ಲಿ 61 ಪುಸ್ತಕ ಓದಿದ್ದಾರೆ. ಒಯ್ದ ಪ್ರತಿಯೊಂದು ಪುಸ್ತಕಕ್ಕೂ ಹಳೆಯ ಪತ್ರಿಕೆಯ ರಕ್ಷಾಪುಟ ಹಾಕಿಯೇ ಅವರು ವಾಪಸು ಕೊಡುವುದು. ಓದುವವರು ಇಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಆ ವಹಿ ನೆನಪಾಗುತ್ತದೆ. ಓದುವವರು ಇದ್ದಾರೆ. ಓದಿದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಅವರಿಗೆ ಜಾಗವಿಲ್ಲ. ಚಹಾದಂಗಡಿಯಲ್ಲಿ ನಿಂತು ಕುಡಿದು ಹೊರಡಬೇಕು, ಬಾರಿನಲ್ಲಿ ಎದುರಿಗೆ ಕುಳಿತವರ ಮುಖವೂ ಕಾಣದಷ್ಟು ಕತ್ತಲೆ. ಬೆಂಗಳೂರಿನ ಅಟ್ಟ ಗಲಾಟ್ಟ, ಚಂಪಕದಂಥ ಕಡೆ ಪುಸ್ತಕದ ಪಕ್ಕದಲ್ಲೇ ತಿಂಡಿ, ಕಾಫಿ ಸಿಗುವುದನ್ನು ಕಂಡಿದ್ದೇನೆ. ಹೊರದೇಶಗಳಲ್ಲಿ ಪುಸ್ತಕದ ಕಪಾಟುಗಳ ನಡುವೆಯೇ ಬಿಯರ್, ವೈನ್ ಬಡಿಸುವ ಅಂಗಡಿಗಳೂ ಇವೆ. ಬಾರ್ ಬೇಕೆನ್ನಲು ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಪುಸ್ತಕದ ಲಾಭದಿಂದ ಸಂಸಾರ ನಡೆಯಲಾರದು, ಅದನ್ನು ಬಾರ್ ತೂಗಿಸಿಕೊಂಡು ಹೋದೀತು ಎಂಬುದು ನನ್ನ ಲೆಕ್ಕ.

ಬ್ರಹ್ಮಪುರದಲ್ಲಿ ನಮ್ಮ ತಂದೆಯವರ ಹಳೆಯ ಮನೆ ಇದೆ. ಮುಂದೆ ಶಹಾಬಾದಿ ಫರಸಿ ಹಾಸಿದ ದೊಡ್ಡ ಪಡಸಾಲೆ, ಹಿಂದೆ ಬೇವಿನ ಗಿಡವಿರುವ ಅಂಗಳ. ಓಣಿಯ ಮೂಲೆಯಲ್ಲಿ ಒಂದು ಶಾಲೆ, ಎರಡು ಮನೆ ಆಚೆ ಒಂದು ಗುಡಿ ಇವೆ. ಭವಿಷ್ಯ ನಿಧಿ, ಗ್ರಾಚ್ಯುಟಿ, ಉಳಿತಾಯ ಎಲ್ಲವೂ ಸೇರಿ ಕೈಯಲ್ಲಿ 22 ಲಕ್ಷ ರೂಪಾಯಿ ಇರುತ್ತದೆ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಈ ವ್ಯಾಪಾರಗಳನ್ನು ಒಳಗಿನಿಂದ ಬಲ್ಲವರು ದಯವಿಟ್ಟು ತಿಳಿಸಿ: ಎಲ್ಲಿಂದ ಶುರು ಮಾಡಬೇಕು, ಯಾವುದಕ್ಕೆ ಹೆದರಬೇಕು?

ಉತ್ತರ: ಸರಾಫ್ ಬಜಾರಿನ ಓದುಗ

ಕಾಗಿಣಾ ದಂಡೆಯವರೇ, ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪುಸ್ತಕ ಮಾರುತ್ತಿದ್ದೇನೆ. ನಿಮ್ಮ ವಹಿಯ ವಿಷಯ ಓದಿ ಬಹಳ ಸಂತೋಷವಾಯಿತು. ಆ ವಹಿಯನ್ನು ಜೋಪಾನವಾಗಿಡಿ, ಯಾವ ಪುಸ್ತಕ ತರಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ನಿಮಗೆ ಎಲ್ಲಿಯೂ ಸಿಗುವುದಿಲ್ಲ. ಆದರೆ ಬಾರ್ ಪುಸ್ತಕವನ್ನು ಸಾಕುತ್ತದೆ ಎಂಬ ಲೆಕ್ಕವನ್ನು ಇಂದೇ ಕೈಬಿಡಿ ಎಂದು ಅಣ್ಣನ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ಇನ್ನೊಂದರ ದುಡಿಮೆಯ ಮೇಲೆ ಬದುಕುವ ವ್ಯಾಪಾರದ ಕಡೆಗೆ ಯಜಮಾನನ ಗಮನ ದಿನೇದಿನೇ ಕಡಿಮೆಯಾಗುತ್ತದೆ. ಹೊಸ ಪುಸ್ತಕ ತರಿಸುವುದು ಮುಂದಿನ ತಿಂಗಳಿಗೆ ಹೋಗುತ್ತದೆ, ಆಮೇಲೆ ಕಪಾಟುಗಳು ಬಾರಿನ ಅಲಂಕಾರವಾಗಿ ಉಳಿಯುತ್ತವೆ. ಪುಸ್ತಕ ತನ್ನ ಖರ್ಚನ್ನು ತಾನೇ ಹೊರುವಂತೆ ಮೊದಲು ಮಾಡಿ.

ಲೆಕ್ಕ ಹೀಗಿದೆ. ಮುಖಬೆಲೆ 200 ರೂಪಾಯಿಯ ಪುಸ್ತಕವನ್ನು ಪ್ರಕಾಶಕರು ನನಗೆ ಶೇಕಡಾ 35ರ ರಿಯಾಯಿತಿಯಲ್ಲಿ ಕೊಟ್ಟರೆ ಅದು 130ಕ್ಕೆ ಬೀಳುತ್ತದೆ. ಬೆಂಗಳೂರು ಅಥವಾ ಧಾರವಾಡದಿಂದ ಪಾರ್ಸೆಲ್ ತರಿಸುವ ಖರ್ಚು ಪುಸ್ತಕವೊಂದಕ್ಕೆ ಏಳೆಂಟು ರೂಪಾಯಿ. ಗಿರಾಕಿ ಶೇಕಡಾ 10 ಬಿಡಿಸಿಕೊಳ್ಳದೆ ಹೋಗುವುದಿಲ್ಲವಾದ್ದರಿಂದ ಕೈಗೆ ಬರುವುದು 180. ಉಳಿಯುವುದು ಸುಮಾರು 42 ರೂಪಾಯಿ. ಬಾಡಿಗೆ 15,000, ಹುಡುಗನ ಸಂಬಳ 12,000, ಕರೆಂಟು ಮತ್ತಿತರ ಖರ್ಚು 3,000 ಎಂದು ಹಿಡಿದರೆ, ಅಷ್ಟನ್ನು ತೀರಿಸಲಿಕ್ಕೇ ತಿಂಗಳಿಗೆ ಏಳುನೂರಕ್ಕೂ ಹೆಚ್ಚು ಪುಸ್ತಕ ಮಾರಬೇಕು. ನಿಮ್ಮದು ಸ್ವಂತ ಮನೆ, ಬಾಡಿಗೆ ಇಲ್ಲ. ಆದ್ದರಿಂದ ನಿಮಗೆ ಬೇಕಾಗುವುದು ಅದರ ಅರ್ಧ, ವಾರದ ರಜೆ ಬಿಟ್ಟರೆ ದಿನಕ್ಕೆ ಹದಿನಾಲ್ಕು ಪುಸ್ತಕ. ಈ ಊರಿನಲ್ಲಿ ಅದು ಆಗುವ ಮಾತೇ, ಆದರೆ ಮೊದಲ ವರ್ಷದಲ್ಲಿ ಅಲ್ಲ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದು ಕೇಳಲು ಹಿತವಾಗಿರುತ್ತದೆ, ಆದರೆ ಕಪಾಟು, ಕಂಪ್ಯೂಟರು, ಫ್ಯಾನುಗಳಿಗೆ ನೀವು ಕಟ್ಟಿದ ತೆರಿಗೆಯನ್ನು ಅದೇ ಕಾರಣಕ್ಕೆ ಎಲ್ಲಿಯೂ ಮುರಿದುಕೊಳ್ಳಲು ಬರುವುದಿಲ್ಲ.

ಏನು ಮಾರಾಟವಾಗುತ್ತದೆ ಎಂದು ಕೇಳಿದರೆ, ಪ್ರತಿದಿನ ಗಲ್ಲಾಪೆಟ್ಟಿಗೆ ತುಂಬುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ. ಸರಕಾರಿ ನೇಮಕಾತಿಯಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನೇಮಕಾತಿಗೆ ಓದುವ ಹುಡುಗ ಹುಡುಗಿಯರು ಯಾದಗಿರಿ, ಆಳಂದ, ಚಿಂಚೋಳಿಗಳಿಂದ ಬಂದು ಇಲ್ಲಿ ಕೋಣೆ ಹಿಡಿದಿದ್ದಾರೆ. ಅವರನ್ನು ಕೀಳಾಗಿ ಕಾಣಬೇಡಿ. ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ಬಂದವರು ಕಾದಂಬರಿಯ ಕಪಾಟಿನ ಮುಂದೆ ಹತ್ತು ನಿಮಿಷ ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಪಠ್ಯಕ್ರಮ ಬದಲಾದ ದಿನ ಆ ಪುಸ್ತಕಗಳು ರದ್ದಿಯಾಗುತ್ತವೆ. ವಾಪಸು ಪಡೆಯುತ್ತೇವೆ ಎಂದು ಬರೆದುಕೊಡುವ ವಿತರಕರ ಮಾಲನ್ನಷ್ಟೇ ಇಡಿ.

ಎರಡನೆಯದು ಶರಣಬಸವೇಶ್ವರ ಜಾತ್ರೆ. ಹೋಳಿಯ ನಂತರ ರಥೋತ್ಸವ, ಆಮೇಲೆ ಎರಡು ವಾರ ಜನವೋ ಜನ. ಆ ದಿನಗಳಲ್ಲಿ ವಚನ, ಪುರಾಣ, ಪಂಚಾಂಗ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಹೋಗುವ ವೇಗವನ್ನು ನೀವು ನೋಡಬೇಕು. ಅಫಜಲಪುರದ ಕಡೆಯ ಒಬ್ಬ ಅಜ್ಜ ಪ್ರತಿ ವರ್ಷ ಬರುತ್ತಾರೆ. ಹೆಗಲ ಮೇಲಿನ ಟವೆಲ್ಲಿನ ತುದಿಯಲ್ಲಿ ರೊಕ್ಕ ಗಂಟು ಕಟ್ಟಿಕೊಂಡಿರುತ್ತಾರೆ. ಪುಸ್ತಕ ತೆರೆದು, ಬೆರಳಿಟ್ಟು, ಒಂದು ಪದವನ್ನು ಪೂರ್ತಿ ಗಟ್ಟಿಯಾಗಿ ಹಾಡಿ ನೋಡುತ್ತಾರೆ. ತಮಗೆ ಗೊತ್ತಿರುವ ಪಾಠಕ್ಕೂ ಅಚ್ಚಾದದ್ದಕ್ಕೂ ಹೊಂದಿಕೆಯಾದರೆ ಮಾತ್ರ ಗಂಟು ಬಿಚ್ಚುತ್ತಾರೆ. ಒಂದು ವರ್ಷ ಎರಡು ಸಾಲು ತಪ್ಪಿದೆ ಎಂದು ತೋರಿಸಿ ಪುಸ್ತಕ ಕೆಳಗಿಟ್ಟು ಹೋದರು. ನಾನು ಆ ಪುಟದ ಚಿತ್ರ ತೆಗೆದು ಪ್ರಕಾಶಕರಿಗೆ ಕಳಿಸಿದೆ. ದರ್ಗಾದ ಊರಿದು, ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರಿದು, ಆದ್ದರಿಂದ ಉರ್ದು ಮತ್ತು ಮರಾಠಿಗೆ ಒಂದೊಂದು ಕಪಾಟು ಇಡದಿದ್ದರೆ ಅರ್ಧ ಊರನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ ಆಗುತ್ತದೆ.

ಹೆದರಬೇಕಾದದ್ದು ಯಾವುದಕ್ಕೆ ಎಂದು ಕೇಳಿದಿರಿ. ಒಳ್ಳೆಯ ದಿನಗಳಿಗೆ ಹೆದರಿ. 2020ರ ಫೆಬ್ರುವರಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ನನ್ನ ಮಳಿಗೆಯಲ್ಲಿ ಮೂರೇ ದಿನದಲ್ಲಿ ನಾಲ್ಕು ತಿಂಗಳ ವ್ಯಾಪಾರವಾಯಿತು. ಆ ಉಮೇದಿನಲ್ಲಿ ನಾನು ಸಾಲ ಮಾಡಿ ಆರು ಲಕ್ಷದ ಮಾಲು ತರಿಸಿದೆ. ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನಲ್ಲೇ ಸಂಭವಿಸಿತು, ಉಳಿದ ಕಡೆಗಿಂತ ಮೊದಲೇ ಇಲ್ಲಿ ಅಂಗಡಿಗಳ ಬಾಗಿಲು ಬಿದ್ದವು. ಆ ಬೇಸಿಗೆಯಲ್ಲಿ ಮುಚ್ಚಿದ ಶಟರಿನ ಹಿಂದೆ ಬೆನ್ನಿನ ಅಂಟು ಒಣಗಿ, ತೆರೆದರೆ ಹಾಳೆಗಳು ಕೈಗೆ ಬರುವಂತಾಗಿದ್ದ ಪುಸ್ತಕಗಳನ್ನು ಜೂನಿನಲ್ಲಿ ಎಣಿಸುತ್ತ ಕುಳಿತಿದ್ದೆ. ಆ ಸಾಲ ತೀರಲು ಮೂರೂವರೆ ವರ್ಷ ಹಿಡಿಯಿತು. ನಿಮ್ಮ 22 ಲಕ್ಷದಲ್ಲಿ ಪುಸ್ತಕಕ್ಕೆ ಆರಕ್ಕಿಂತ ಹೆಚ್ಚು ಹಾಕಬೇಡಿ. ಎರಡು ವರ್ಷದ ಮನೆಖರ್ಚನ್ನು ಬೇರೆ ಖಾತೆಯಲ್ಲಿಟ್ಟು ಅದನ್ನು ಮರೆತುಬಿಡಿ.

ಉತ್ತರ: ಹಳೇ ಗುಮಾಸ್ತ, ಯಾದಗಿರಿ

ಮಾನ್ಯರೇ, ನಾನು ಹದಿನಾರು ವರ್ಷ ಬಾರ್ ಮತ್ತು ರೆಸ್ಟೋರೆಂಟುಗಳ ಲೆಕ್ಕ ಬರೆದವನು, ಆದ್ದರಿಂದ ಬಾರಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಬಾರ್ ಎಂದರೆ ಕೂಡಲೇ ಮೂಗು ಮುರಿಯುವವರಲ್ಲಿ ನಾನಿಲ್ಲ, ಅದನ್ನು ಶಿಸ್ತಿನಿಂದ ನಡೆಸಿದವರನ್ನೂ ಕಂಡಿದ್ದೇನೆ. ಆದರೆ ನಿಮ್ಮ ಯೋಜನೆ ಅಬಕಾರಿ ನಿಯಮಗಳ ಮುಂದೆ ಹಲವು ಕಡೆ ನಿಂತುಹೋಗುತ್ತದೆ.

ಮೊದಲನೆಯದು ಸನ್ನದು, ಅಂದರೆ ಪರವಾನಗಿ. ಬಾರಿಗೆ ಬೇಕಾಗುವುದು ಸಿಎಲ್-9. ಚಿಲ್ಲರೆ ಮದ್ಯದಂಗಡಿಯ ಸಿಎಲ್-2 ಮತ್ತು ಈ ಸಿಎಲ್-9, ಎರಡನ್ನೂ ಹೊಸದಾಗಿ ಕೊಡುವುದನ್ನು ರಾಜ್ಯ ಸರಕಾರ 1992ರಿಂದ ನಿಲ್ಲಿಸಿತ್ತು. ಆದ್ದರಿಂದಲೇ ಇರುವ ಸನ್ನದುಗಳು ಕೈಯಿಂದ ಕೈಗೆ ಹೋಗುತ್ತ ಅವುಗಳ ಬೆಲೆ ಸಾಮಾನ್ಯರಿಗೆ ಎಟುಕದಷ್ಟಾಗಿದೆ. 2025-26ರ ಬಜೆಟ್ಟಿನಲ್ಲಿ ಸನ್ನದುಗಳನ್ನು ವಿದ್ಯುನ್ಮಾನ ಹರಾಜಿನಲ್ಲಿ ಕೊಡುವುದಾಗಿ ಸರಕಾರ ಹೇಳಿತು. ಹರಾಜು ಎಂದ ಮೇಲೆ ಅಲ್ಲಿ ನಿಲ್ಲುವವರು ಯಾರು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ, ನಿಮ್ಮ 22 ಲಕ್ಷವನ್ನು ಹಿಡಿದು ಅಲ್ಲಿಗೆ ಹೋಗಬೇಡಿ. ಸಿಎಲ್-7 ವಸತಿಗೃಹಗಳಿಗೆ ಸಂಬಂಧಿಸಿದ್ದು, ಅದಕ್ಕೆ ನಿಗದಿತ ಸಂಖ್ಯೆಯ ಕೋಣೆಗಳಿರಬೇಕು. ಒಂದು ದಿನದ ಸಮಾರಂಭಕ್ಕೆ ಸಿಎಲ್-5 ಇದೆ, ಅದರಿಂದ ನಿತ್ಯದ ವ್ಯಾಪಾರ ಆಗುವುದಿಲ್ಲ. 2007ರ ವೈನ್ ನೀತಿಯ ನಂತರ ವೈನ್ ಮಾತ್ರ ಮಾರುವ ಬೊಟಿಕ್‌ಗಳು ಬಂದವು. ಪಕ್ಕದ ವಿಜಯಪುರದ ದ್ರಾಕ್ಷಿ ಇರುವಾಗ ಆ ದಾರಿ ಆಕರ್ಷಕವಾಗಿ ಕಾಣುತ್ತದೆ, ಆದರೆ ನಮ್ಮ ಭಾಗದಲ್ಲಿ ವೈನ್ ಒಂದನ್ನೇ ನಂಬಿ ದೀಪ ಹಚ್ಚಿದ ಅಂಗಡಿಯನ್ನು ನಾನು ನೋಡಿಲ್ಲ.

ಎರಡನೆಯದು ಜಾಗ. ಶಾಲೆ, ಗುಡಿ, ಮಸೀದಿ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದ ಅಂಗಡಿ ಇರುವಂತಿಲ್ಲ. ಮೂಲೆಯಲ್ಲಿ ಶಾಲೆ, ಎರಡು ಮನೆ ಆಚೆ ಗುಡಿ ಎಂದು ನೀವೇ ಬರೆದಿದ್ದೀರಿ. ಬ್ರಹ್ಮಪುರದ ಮನೆಯ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಂದು ಜಾಗ ಹುಡುಕುತ್ತೇನೆ ಎಂದರೂ ಚಕ್ಕುಬಂದಿಯ ಪ್ರಶ್ನೆ ಉಳಿಯುತ್ತದೆ. ಸನ್ನದಿನಲ್ಲಿ ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ಗಡಿ ಬರೆದಿರುತ್ತದೆ, ಆ ಗಡಿಯೊಳಗೆ ಮಾತ್ರ ಬಡಿಸಬೇಕು. ಪುಸ್ತಕದ ಕಪಾಟುಗಳು ಆ ಗಡಿಯೊಳಗೆ ಬಂದರೆ ನಿಮ್ಮದು ಪುಸ್ತಕವಿರುವ ಬಾರ್ ಆಗುತ್ತದೆ. 21 ವರ್ಷ ತುಂಬದವರಿಗೆ ಮದ್ಯ ಕೊಡುವಂತಿಲ್ಲ, ಅಂದ ಮೇಲೆ ನಿಮ್ಮ ಒಂಬತ್ತನೆಯ ತರಗತಿಯ ಮಗಳು ಅಪ್ಪನ ಪುಸ್ತಕದಂಗಡಿಗೆ ಬಂದು ಕೂರುವುದು ಹೇಗೆ? ಗಡಿಯ ಹೊರಗಿಟ್ಟರೆ ಎರಡು ಬಾಗಿಲು, ಎರಡು ಗಲ್ಲಾ, ಎರಡು ಆಳು ಬೇಕು. ಮದ್ಯದ ಮಾಲನ್ನು ರಾಜ್ಯ ಸರಕಾರದ ಪಾನೀಯ ನಿಗಮದ ಡಿಪೋದಿಂದಲೇ ಮುಂಗಡ ಹಣ ಕಟ್ಟಿ ಎತ್ತಬೇಕು, ಉದ್ರಿ ಇಲ್ಲ. ಸನ್ನದಿನ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಆ ಹೊತ್ತಿಗೆ ನವೀಕರಣದ ಶುಲ್ಕ ಸಿದ್ಧವಿರಬೇಕು. ಅದು ಶಾಲೆಗಳು ತೆರೆದು ನೀವು ಪುಸ್ತಕಕ್ಕೆ ಹಣ ಹಾಕಬೇಕಾದ ಕಾಲವೂ ಹೌದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸನ್ನದನ್ನು ತಿಂಗಳ ಬಾಡಿಗೆಗೆ ಕೊಡುತ್ತೇವೆ, ಹೆಸರು ನಮ್ಮದಿರಲಿ, ನಡೆಸುವುದು ನೀವು ಎಂದು ಹೇಳುವವರು ಬಂದೇ ಬರುತ್ತಾರೆ. ನಾನು ಲೆಕ್ಕ ಬರೆಯುತ್ತಿದ್ದ ಒಂದು ಕಡೆ ಅಂಥ ಒಪ್ಪಂದವಿತ್ತು. ನಡೆಸುತ್ತಿದ್ದವರು ಮನೆ ಅಡವಿಟ್ಟು ಒಳಾಂಗಣ ಮಾಡಿಸಿದ್ದರು. ಸನ್ನದುದಾರರ ಅಣ್ಣತಮ್ಮಂದಿರಲ್ಲಿ ಜಗಳ ಹುಟ್ಟಿ ಸನ್ನದು ನವೀಕರಣವಾಗಲಿಲ್ಲ. ನಡೆಸುತ್ತಿದ್ದವರ ಕೈಯಲ್ಲಿ ತೋರಿಸಲು ಒಂದು ಕಾಗದವೂ ಇರಲಿಲ್ಲ, ಏಕೆಂದರೆ ಆ ಒಪ್ಪಂದಕ್ಕೆ ಕಾನೂನಿನಲ್ಲಿ ನೆಲೆಯೇ ಇಲ್ಲ. ಕೊನೆಯ ದಿನ ಕುರ್ಚಿಗಳನ್ನು ಟೆಂಪೋಗೆ ಏರಿಸುವಾಗ ನಾನೂ ಕೈಹಾಕಿದೆ.

ಸಾಲದ ಬಗೆಗೂ ಗಮನವಿರಲಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ನಿಷಿದ್ಧ ಪಟ್ಟಿಯಲ್ಲಿ ಮದ್ಯ ಬಡಿಸುವ ಹೋಟೆಲು, ಢಾಬಾ, ಮಳಿಗೆಗಳು ಇವೆ. ಅರ್ಜಿಯಲ್ಲಿ ಬಾರ್ ಎಂಬ ಪದ ಬಂದರೆ ಪುಸ್ತಕದ ಜೊತೆಗಿನ ತಿಂಡಿಯ ವ್ಯವಹಾರಕ್ಕೆ ಸಿಗಬಹುದಾದ ನೆರವೂ ತಪ್ಪುತ್ತದೆ.

ಉತ್ತರ: ಚೌಬಾರಾ ಅಕ್ಕ, ಬೀದರ್

ಸಹೋದರರೇ, ನಾನು ಬೀದರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಬಂದ ಮೇಲೆ ತಿಂಗಳಿಗೊಮ್ಮೆ ಪುಸ್ತಕಕ್ಕಾಗಿಯೇ ಕಲಬುರಗಿಗೆ ಬರುವ ರೂಢಿ ಮಾಡಿಕೊಂಡಿದ್ದೇನೆ. ಹೆಂಗಸರು ಬರುವುದಿಲ್ಲ, ಆದ್ದರಿಂದ ಬಾರ್ ಬೇಡ ಎಂದು ಇಲ್ಲಿ ಯಾರಾದರೂ ಬರೆಯಬಹುದು ಎಂದು ಕಾಯುತ್ತಿದ್ದೆ. ಯಾರೂ ಬರೆಯಲಿಲ್ಲ, ಸಂತೋಷ. ನನ್ನ ಅಡ್ಡಿ ಮದ್ಯಕ್ಕಲ್ಲ. ಕತ್ತಲೆಗೆ, ಒಳಗೆ ಯಾರಿದ್ದಾರೆ ಎಂದು ಹೊರಗಿನಿಂದ ಕಾಣದ ಬಾಗಿಲಿಗೆ, ಒಬ್ಬಳೇ ಕುಳಿತರೆ ಇವಳೇಕೆ ಕುಳಿತಿದ್ದಾಳೆ ಎಂದು ನೋಡುವ ಕಣ್ಣುಗಳಿಗೆ.

ನನ್ನಂಥವರಿಗೆ ಬೇಕಾಗಿರುವುದನ್ನು ಹೇಳುತ್ತೇನೆ. ಬೆನ್ನಿಗೆ ಆಸರೆ ಇರುವ ಕುರ್ಚಿ. ಬೀಗ ಹಾಕದ, ಸ್ವಚ್ಛವಾದ ಶೌಚಾಲಯ. ನಮ್ಮ ಊರುಗಳ ಅಂಗಡಿಗಳಲ್ಲಿ ಇದು ಎಷ್ಟು ಅಪರೂಪ ಎಂದು ಗಂಡಸರಿಗೆ ಗೊತ್ತಿಲ್ಲ. ಒಂದು ಕಪ್ ಚಹಾ ಕುಡಿದು ಎರಡು ಗಂಟೆ ಓದುತ್ತ ಕುಳಿತರೆ ಏಳಿ ಎನ್ನದ ಯಜಮಾನ. ಸಂಜೆಯ ರೈಲಿನ ತನಕ ನಾನು ನಿಲ್ದಾಣದ ಬೆಂಚಿನ ಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಓದುತ್ತೇನೆ. ಆ ಎರಡು ಗಂಟೆಗೆ ನಿಮ್ಮ ಬೇವಿನ ಗಿಡದ ಕೆಳಗೆ ಜಾಗ ಸಿಕ್ಕರೆ ನಾನೊಬ್ಬಳೇ ಬರುವುದಿಲ್ಲ, ನನ್ನ ವಿದ್ಯಾರ್ಥಿನಿಯರನ್ನೂ ಕರೆತರುತ್ತೇನೆ. ತಿಂಡಿಗೆ ಸುಸಲಾ, ಚುರುಮುರಿ ಇಡುವಿರಾದರೆ ಕೈ ತೊಳೆಯಲು ನಲ್ಲಿ ಮತ್ತು ಒಣ ಟವೆಲ್ ಪುಸ್ತಕದ ಕೋಣೆಯ ಬಾಗಿಲಲ್ಲೇ ಇರಲಿ. ಎಣ್ಣೆಯ ಬೆರಳಿನ ಗುರುತು ಕಾಗದದಿಂದ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ಕಾಗಿಣಾ ದಂಡೆ

ಮೂವರಿಗೂ ಕೈಮುಗಿದು ವಂದಿಸುತ್ತೇನೆ. ರವಿವಾರ ಬ್ರಹ್ಮಪುರಕ್ಕೆ ಹೋಗಿ ಟೇಪು ಹಿಡಿದು ಅಳೆದೆ. ನಮ್ಮ ಬಾಗಿಲಿನಿಂದ ಗುಡಿಗೆ 31 ಮೀಟರ್, ಶಾಲೆಯ ಗೇಟಿಗೆ 74 ಮೀಟರ್. ಗುಮಾಸ್ತರು ಹೇಳಿದಂತೆ ಅಲ್ಲಿ ಬಾರಿನ ಮಾತು ಮುಗಿದಿದೆ. ಬಾರಿಗಾಗಿ ಮನೆ ಬಿಟ್ಟು ಬಾಡಿಗೆಯ ಜಾಗಕ್ಕೆ ಹೋದರೆ ದಿನಕ್ಕೆ ಹದಿನಾಲ್ಕು ಎಂಬ ಲೆಕ್ಕವೇ ಕೈತಪ್ಪುತ್ತದೆ. ಇದನ್ನು ಬರೆಯುವಾಗ ಬೇಸರವಾಗುತ್ತಿದೆ, ಏಕೆಂದರೆ ಪಾಳಿ ಮುಗಿಸಿ ಬರುವ ನಮ್ಮ ಜನರಿಗೆ ತಲೆ ಎತ್ತಿ ಕುಳಿತು ಒಂದು ಗ್ಲಾಸು ಬಿಯರ್ ಕುಡಿಯುತ್ತ ಮಾತನಾಡುವ ಬೆಳಕಿನ ಜಾಗ ಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ಅದನ್ನು ಕಟ್ಟುವ ಶಕ್ತಿ ನನ್ನ ಹಣಕ್ಕೆ ಇಲ್ಲ.

ಆದ್ದರಿಂದ ಹೀಗೆ ಮಾಡಬೇಕೆಂದಿದ್ದೇನೆ. ಮಾರ್ಚಿನಲ್ಲಿ ಬಿಡುವ ಬದಲು ಮುಂದಿನ ದಸರೆಯವರೆಗೆ ಕೆಲಸದಲ್ಲಿರುತ್ತೇನೆ. ಅಷ್ಟರಲ್ಲಿ ವಾರದ ರಜೆಯ ದಿನ ಪಡಸಾಲೆಯನ್ನು ತೆರೆದು, ಅಲಮಾರಿಯ 340 ಪುಸ್ತಕಗಳನ್ನು ಅಲ್ಲಿಗೆ ತಂದು, ಎರವಲು ಕೊಡುತ್ತ ಓಣಿಯ ಜನರನ್ನು ತಿಳಿದುಕೊಳ್ಳುತ್ತೇನೆ. ಅಂಗಳದಲ್ಲಿ ಚಹಾ, ಸುಸಲಾ, ರಾತ್ರಿ ಒಂಬತ್ತೂವರೆಯವರೆಗೆ ಒಳ್ಳೆಯ ಬೆಳಕು. ಶೌಚಾಲಯದ ಕೆಲಸಕ್ಕೆ ಗೌಂಡಿಯನ್ನು ಕರೆದು ತೋರಿಸಿದ್ದೇನೆ, ಅದು ಕಪಾಟಿಗಿಂತ ಮೊದಲು ಆಗುತ್ತದೆ. ಈ ಮಾತು ಹೇಳಿದಾಗ ಮನೆಯವರು ನಾಲ್ಕು ತಿಂಗಳ ಮೌನ ಬಿಟ್ಟು, ಸುಸಲಾದ ಒಗ್ಗರಣೆ ಮಾತ್ರ ತಮಗೇ ಬಿಡಬೇಕು ಎಂದರು.

ಸರಾಫ್ ಬಜಾರಿನ ಅಣ್ಣನವರಿಗೆ ಒಂದು ಪ್ರಶ್ನೆ: ಕಪಾಟುಗಳನ್ನು ಯಾವ ಗೋಡೆಗೆ ನಿಲ್ಲಿಸಬೇಕು? ಪಡಸಾಲೆಯ ಉದ್ದ ಗೋಡೆ ಪಶ್ಚಿಮಕ್ಕಿದೆ.

ಉತ್ತರ: ಸರಾಫ್ ಬಜಾರಿನ ಓದುಗ

ಪಶ್ಚಿಮದ ಗೋಡೆ ಬೇಡ. ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಆ ಗೋಡೆಯ ಮೇಲೆ ಅಂಗೈ ಇಡಲಾಗುವುದಿಲ್ಲ, ಪುಸ್ತಕದ ಬೆನ್ನಿನ ಅಂಟು ಒಂದೇ ಬೇಸಿಗೆಯಲ್ಲಿ ಒಡೆಯುತ್ತದೆ. ಆ ಗೋಡೆಯ ಉದ್ದಕ್ಕೆ ಕುರ್ಚಿ ಹಾಕಿ, ಬೇಸಿಗೆಯಲ್ಲಿ ಕುರ್ಚಿಗಳು ಅಂಗಳಕ್ಕೆ ಹೋಗಲಿ. ಕಪಾಟುಗಳು ಉತ್ತರ ಮತ್ತು ಪೂರ್ವಕ್ಕಿರಲಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಫರಸಿ ಮಳೆಗಾಲದಲ್ಲಿ ಬೆವರುತ್ತದೆ, ಆದ್ದರಿಂದ ಕೆಳಗಿನ ಹಲಗೆ ನೆಲದಿಂದ ಒಂದು ಗೇಣು ಮೇಲಿರಬೇಕು. ಅಳತೆಗಳನ್ನು ಬರೆದುಕೊಂಡು ಬುಧವಾರ ಅಂಗಡಿಗೆ ಬನ್ನಿ, ನನಗೆ ಕಪಾಟು ಮಾಡಿಕೊಟ್ಟ ಬಡಿಗರ ಹತ್ತಿರ ಇಬ್ಬರೂ ಹೋಗೋಣ. ಆ ವಹಿಯನ್ನೂ ತನ್ನಿ.